ಉರುಳಿದರೂ ಚೆಲ್ಲದ ಕೂಲೆಂಟ್ ಡಬ್ಬಿ: ಪೀಣ್ಯದ ಒಂದು ಶೆಡ್ಡಿನ ಪ್ರಕರಣ

ಇದು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮಷೀನ್ ಶಾಪಿನಲ್ಲಿ ನಡೆದದ್ದು. ಎರಡು ಲೇತ್, ಒಂದು ಮಿಲ್ಲಿಂಗ್, ಒಂದು ಹಳೇ ಪಿಲ್ಲರ್ ಡ್ರಿಲ್ಲಿಂಗ್ ಮಷೀನು, ಹಿಂದುಗಡೆ ಪೇಂಟ್ ಹೊಡೆಯಲು ಒಂದು ಮೂಲೆ. ಕೆಲಸದವರು ಬೆರಳೆಣಿಕೆ. ಹೆಸರು, ರಸ್ತೆ, ಅವರು ಯಾವ ಕಂಪನಿಗೆ ಮಾಲು ಕೊಡುತ್ತಾರೆ ಅನ್ನೋದನ್ನೆಲ್ಲ ಬಿಟ್ಟಿದ್ದೇನೆ. ಮಾಲೀಕರನ್ನು ಮಾಲೀಕರು ಅಂತಲೇ ಕರೆಯುತ್ತೇನೆ. ಹಿರಿಯ ಟರ್ನರ್, ಅಂದರೆ ಲೇತ್ ಕೆಲಸಗಾರ, ಒಬ್ಬರಿದ್ದಾರೆ, ಶೆಡ್ಡಿನಲ್ಲಿ ಎಲ್ಲರೂ ಅವರನ್ನು ದೊಡ್ಡಣ್ಣ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಡಿಪ್ಲೊಮಾ ಮುಗಿಸಿ ಟ್ರೈನಿಂಗಿಗೆ ಬಂದಿದ್ದ ಹುಡುಗ ಒಬ್ಬ, ಹೆಲ್ಪರ್ ಒಬ್ಬ. ಕಥೆಯೆಲ್ಲ ಈ ನಾಲ್ಕು ಜನರದ್ದು.

ಹಿನ್ನೆಲೆ

ಕೂಲೆಂಟ್ ಅಂದರೆ ಲೋಹ ಕೊರೆಯುವಾಗ ಬಿಸಿ ಇಳಿಸಲು ಹಾಕುವ ದ್ರವ. ಡ್ರಿಲ್ಲಿಂಗ್ ಮಷೀನಿನ ಕೂಲೆಂಟ್ ಪಂಪು ಕೆಟ್ಟು ಯಾವುದೋ ಕಾಲ ಆಗಿತ್ತು. ಅಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಪಂಪು ಬೇಕೂ ಇರಲಿಲ್ಲ. ಎಂಎಸ್ (ಮೈಲ್ಡ್ ಸ್ಟೀಲ್) ಬ್ರಾಕೆಟ್‌ಗೆ ತೂತು ಕೊರೆಯೋದು, ಆಮೇಲೆ ಕೈಯಿಂದ ಟ್ಯಾಪ್ ಹೊಡೆಯೋದು, ಅಂದರೆ ತೂತಿನೊಳಗೆ ಸ್ಕ್ರೂ ಥ್ರೆಡ್ ಕೊಯ್ಯೋದು. ಇದಕ್ಕೆ ಒಂದು ಡಬ್ಬಿಯಲ್ಲಿ ಕೂಲೆಂಟು, ಒಂದು ಬ್ರಷ್ಷು ಇದ್ದರೆ ಸಾಕು. ಸೊಲ್ಯುಬಲ್ ಆಯಿಲ್ ಒಂದು ಪಾಲು, ನೀರು ಇಪ್ಪತ್ತು ಪಾಲು ಕಲಸಿದ ಬಿಳಿ ನೀರು ಅದು. ಬ್ರಷ್ಷಿಗೆ ಎರಡು ಕೆಲಸ: ಕೂಲೆಂಟ್ ಹಚ್ಚೋದು, ತೂತಿನ ಸುತ್ತ ಸುರುಳಿಯಾಗಿ ನಿಂತ ಚಿಪ್ಸ್, ಅಂದರೆ ಲೋಹದ ಚೂರು, ತಳ್ಳೋದು. ಚಿಪ್ಸ್‌ಗೆ ಕೈ ಹಾಕಿದರೆ ಬೆರಳು ಸೀಳುತ್ತದೆ, ಹಾಗಾಗಿ ಬ್ರಷ್ ಬಿಟ್ಟು ಕೆಲಸ ಆಗೋದಿಲ್ಲ. ಮುಂದೆ ಬರುವ ಎಷ್ಟೋ ತೀರ್ಮಾನಗಳಿಗೆ ಈ ಬ್ರಷ್ಷೇ ಕಾರಣ.

ಡಬ್ಬಿ ಅಂದರೆ ಅರ್ಧ ಲೀಟರಿನ ಹಳೇ ಪೇಂಟ್ ಡಬ್ಬಿ, ಮುಚ್ಚಳ ಇಲ್ಲದ್ದು.

ಸಮಸ್ಯೆ

ಡಬ್ಬಿ ಉರುಳುತ್ತಿತ್ತು. ಉದ್ದದ ಜಾಬ್ (ಕೊರೆಯಬೇಕಾದ ತುಂಡು) ತಿರುಗಿಸುವಾಗ ಅದರ ತುದಿ ತಾಗುತ್ತಿತ್ತು. ಜಾಬ್ ಬಿಗಿ ಹಿಡಿಯುವ ವೈಸ್ ಸರಿಸುವಾಗ ಮೊಣಕೈ ತಾಗುತ್ತಿತ್ತು. ಒಮ್ಮೊಮ್ಮೆ ಯಾರೂ ಮುಟ್ಟದೆ ಮಷೀನಿನ ಅದುರಿಗೇ ಅಂಚಿಗೆ ಜರುಗಿ ಬೀಳುತ್ತಿತ್ತು. ಕೆಳಗೆ ಸಿಮೆಂಟ್ ನೆಲ, ಪಕ್ಕದಲ್ಲೇ ಗ್ರೈಂಡರಿಗೆ ಎಳೆದ ವೈರು. ಚೆಲ್ಲಿದ ಮೇಲೆ ಮರದ ಹೊಟ್ಟು ಸುರಿದು, ಬನಿಯನ್ ವೇಸ್ಟ್‌ನಲ್ಲಿ ಒರೆಸುತ್ತಿದ್ದರು. ಆದರೂ ಎಣ್ಣೆಯ ತೆಳು ಪದರ ನೆಲದ ಮೇಲೆ ಉಳಿಯುತ್ತಿತ್ತು.

ಒಂದು ದಿನ ದೊಡ್ಡಣ್ಣ ಅಲ್ಲೇ ಜಾರಿ ಕೈ ಊರಿದರು. ಮಣಿಕಟ್ಟು ಊದಿಕೊಂಡಿತು, ಮೂಳೆ ಮುರಿದಿರಲಿಲ್ಲ. ಅಲ್ಲಿಯವರೆಗೆ ಚೆಲ್ಲುವುದು ಅಂದರೆ ಸುಮ್ನೆ ಗಲೀಜಿನ ವಿಷಯವಾಗಿತ್ತು. ಅವತ್ತಿನಿಂದ ಮಾಲೀಕರಿಗೆ ಅದು ತಲೆಗೆ ಹತ್ತಿತು.

ಮೊದಲು ಮಾಡಿ ನೋಡಿದ್ದು

ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನು ಡಬ್ಬಿಯ ತಳಕ್ಕೆ ಅಂಟಿಸಿದರು. ಟೇಬಲ್ಲಿಗೆ ಗಟ್ಟಿಯಾಗಿ ಕಚ್ಚಿಕೊಂಡಿತು. ಆದರೆ ಚಿಪ್ಸ್ ಎಲ್ಲ ಅದಕ್ಕೇ ಬಂದು ಮೆತ್ತಿಕೊಳ್ಳುತ್ತಿತ್ತು. ಸರಿಸಬೇಕು ಅಂದರೆ ಎಳೆಯಬೇಕು, ಎಳೆದಾಗ ಜಗ್ಗಿ ಚೆಲ್ಲುತ್ತಿತ್ತು. ಮರದ ದಿಮ್ಮಿಗೆ ಗುಂಡಿ ತೋಡಿ ಡಬ್ಬಿ ಇಟ್ಟರು. ಅದು ಉರುಳಲಿಲ್ಲ, ನಿಜ. ಆದರೆ ಟೇಬಲ್ಲಿನ ಅರ್ಧ ಜಾಗ ದಿಮ್ಮಿಗೇ ಹೋಯಿತು. ಸಾಸ್ ಬಾಟಲಿಯಂಥ ಹಿಚುಕುವ ಬಾಟಲಿ ತಂದರು. ಲೇತ್ ಕಡೆ ಅದು ಇವತ್ತಿಗೂ ಇದೆ, ಚೆನ್ನಾಗೇ ಇದೆ. ಡ್ರಿಲ್ಲಿಂಗಿಗೆ ಮಾತ್ರ ಬ್ರಷ್ ಬೇಕೇ ಬೇಕು, ಹಾಗಾಗಿ ಬಾಟಲಿಯ ಪಕ್ಕದಲ್ಲಿ ಮತ್ತೆ ಡಬ್ಬಿ ಬಂತು.

ಈ ಮೂರರಲ್ಲೂ ಒಂದೇ ಯೋಚನೆ: ಡಬ್ಬಿ ಉರುಳಬಾರದು. ಅದನ್ನು ಬದಲಾಯಿಸಿದ್ದು ದೊಡ್ಡಣ್ಣ. ಶೌಚಾಲಯದ ಲೈನ್ ಬದಲಾಯಿಸಲು ಬಂದಿದ್ದ ಪ್ಲಂಬರ್ ತುಂಡು ಪೈಪುಗಳನ್ನು ಮೂಲೆಯಲ್ಲಿ ಬಿಟ್ಟು ಹೋಗಿದ್ದ. ದೊಡ್ಡಣ್ಣ ಅದರಲ್ಲಿ ಒಂದನ್ನು ಕೈಗೆತ್ತಿಕೊಂಡು, "ಉರುಳಿದರೆ ಉರುಳಲಿ ಸಾರ್, ಚೆಲ್ಲದಿದ್ದರೆ ಸಾಕಲ್ವಾ?" ಅಂದರು. ಹಿಂದೆ ಶಾಲೆಗಳ ಡೆಸ್ಕಿನ ಮೇಲೆ ಇರುತ್ತಿದ್ದ ಮಸಿಕುಡಿಕೆಗಳಲ್ಲಿ ಒಂದು ಬಗೆ ಇತ್ತು. ಅದರ ಬಾಯಿ ಒಳಮುಖವಾಗಿ, ಕೊಳವೆಯ ಹಾಗೆ ಕೆಳಗೆ ಇಳಿದಿರುತ್ತಿತ್ತು. ಕುಡಿಕೆ ಮಗುಚಿದರೆ ಮಸಿ ಆ ಕೊಳವೆಯ ಸುತ್ತ ಹೋಗಿ ನಿಲ್ಲುತ್ತಿತ್ತು, ಕೊಳವೆಯ ಬಾಯಿ ಮಸಿಗಿಂತ ಮೇಲೆ ಉಳಿಯುತ್ತಿತ್ತು. ಅದನ್ನೇ ಪೈಪಿನಲ್ಲಿ ಮಾಡೋಣ ಅಂತ ಅವರ ಲೆಕ್ಕ.

ಡಬ್ಬಿ ಕಟ್ಟಿದ ರೀತಿ

ಮೂಲೆಯಲ್ಲಿದ್ದದ್ದು 110 ಎಂಎಂ ಎಸ್‌ಡಬ್ಲ್ಯೂಆರ್ ಪೈಪು. ಬೂದು ಬಣ್ಣದ ಪಿವಿಸಿ, ಡ್ರೈನೇಜಿಗೆ ಹಾಕುವಂಥದ್ದು. ಗೋಡೆ ಸುಮಾರು 3 ಎಂಎಂ ದಪ್ಪ. ಒಂದು ತುದಿಯಲ್ಲಿ ರಬ್ಬರ್ ರಿಂಗ್ ಕೂರುವ ಅಗಲ ಬಾಯಿ, ಅಂದರೆ ಸಾಕೆಟ್, ಇತ್ತು. ಒಳಗಿನ ಎತ್ತರ 15 ಸೆಂಟಿಮೀಟರ್ ಬರುವ ಹಾಗೆ ಕತ್ತರಿಸಿಕೊಂಡರು. ಸಾಕೆಟ್ ಮೇಲ್ಮುಖ. ತಳಕ್ಕೆ ಎಂಡ್ ಕ್ಯಾಪ್, ಸಾಲ್ವೆಂಟ್ ಸಿಮೆಂಟ್ ಹಚ್ಚಿ ಕೂರಿಸಿದ್ದು. ಮೇಲೆ ಸಾಕೆಟ್ ಪ್ಲಗ್, ಅಂದರೆ ಸಾಕೆಟ್ಟಿನ ಬಾಯಿ ಮುಚ್ಚುವ ಬಿಲ್ಲೆಯಂಥ ಫಿಟ್ಟಿಂಗು.

ಮಸಿಕುಡಿಕೆಯ ಕೊಳವೆಯ ಜಾಗಕ್ಕೆ ಎರಡೂ ತುದಿ ತೆರೆದ 40 ಎಂಎಂ ಪೈಪು. ಅದು ಹೋಗುವಷ್ಟು ತೂತನ್ನು ಪ್ಲಗ್ಗಿನ ನಡುವೆ ಲೇತ್ ಮೇಲೇ ಕೊರೆದರು. ಪೈಪನ್ನು ಬರೀ ತೂತಿನ ಅಂಚಿಗೆ ಅಂಟಿಸಿದರೆ ಬ್ರಷ್ ಆಡಿಸಿ ಆಡಿಸಿ ಕಿತ್ತು ಬರುತ್ತದೆ. ಅದಕ್ಕೆ 40 ಎಂಎಂ ಕಪ್ಲರನ್ನು (ಎರಡು ಪೈಪು ಜೋಡಿಸುವ ತುಂಡು) ಅಡ್ಡ ಕೊಯ್ದು ಎರಡು ಬಳೆ ಮಾಡಿದರು. ಒಂದು ಪ್ಲಗ್ಗಿನ ಮೇಲ್ಗಡೆ, ಒಂದು ಕೆಳಗಡೆ. ಎರಡೂ ಪೈಪಿಗೂ ಪ್ಲಗ್ಗಿಗೂ ಸೇರಿ ಅಂಟಿಕೊಂಡು ಜಾಯಿಂಟು ಗಟ್ಟಿಯಾಯಿತು. ಕೊಯ್ದ ಅಂಚಿನಲ್ಲಿ ಉಳಿದ ಚೂಪು ಎಳೆ ತೆಗೆದು, ಎಮರಿ ಪೇಪರ್ ಹೊಡೆದು, ಒರೆಸಿ, ಆಮೇಲೆ ಸಿಮೆಂಟು. ರಾತ್ರಿಯಿಡೀ ಮುಟ್ಟದೆ ಬಿಟ್ಟರು.

ಎಂಡ್ ಕ್ಯಾಪಿನ ತಳ ಸ್ವಲ್ಪ ಉಬ್ಬಿತ್ತು, ಡಬ್ಬಿ ಕುಣಿಯುತ್ತಿತ್ತು. ಒಂದು ಪ್ಲೈವುಡ್ ಚೌಕವನ್ನು ಎಂ-ಸೀಲ್ ಹಾಕಿ ತಳಕ್ಕೆ ಕೂರಿಸಿದರು. ಸ್ಕ್ರೂ ಹೊಡೆಯಲಿಲ್ಲ. ತಳಕ್ಕೆ ಸ್ಕ್ರೂ ಹೊಡೆದರೆ ಚೆಲ್ಲದ ಡಬ್ಬಿ ಸೋರುವ ಡಬ್ಬಿ ಆಗುತ್ತದೆ, ಅಷ್ಟೇ.

ಸಾಕೆಟ್ಟನ್ನು ಕೆಳಗೆ ಮಾಡಿದ್ದರೆ ಅಗಲವಾದ ಪಾದ ಪುಕ್ಕಟೆ ಸಿಗುತ್ತಿತ್ತು ಅಂತ ಡಿಪ್ಲೊಮಾ ಹುಡುಗ ವಾದಿಸಿದ. ದೊಡ್ಡಣ್ಣ ಒಪ್ಪಲಿಲ್ಲ. ಕೆಳಗಿದ್ದರೆ ರಬ್ಬರ್ ರಿಂಗು ಇಡೀ ದಿನ ಕೂಲೆಂಟಿನಲ್ಲೇ ನೆನೆಯುತ್ತದೆ. ಮೇಲಿದ್ದರೆ ಡಬ್ಬಿ ಬಿದ್ದಾಗ ಮಾತ್ರ ಒದ್ದೆಯಾಗುತ್ತದೆ. ಈ ಮಾತು ಎಷ್ಟು ಸರಿ ಅನ್ನೋದು ಮುಂದೆ ಗೊತ್ತಾಯಿತು.

ಮೊದಲ ತಿರುವು: ಬೋರಲು ಹಾಕಿದರೆ ಸಾಲದು

ಮೊದಲ ಡಬ್ಬಿಯಲ್ಲಿ ಒಳಗಿನ ಕೊಳವೆ ಸರಿಯಾಗಿ ಅರ್ಧ ಎತ್ತರಕ್ಕೆ ನಿಂತಿತ್ತು. ಅರ್ಧ ಲೀಟರ್ ನೀರು ಹಾಕಿ ಬೋರಲು ಮಾಡಿದರು. ಒಂದು ಹನಿಯೂ ಬರಲಿಲ್ಲ. ಎಲ್ಲರೂ ಖುಷಿ. ಹೆಲ್ಪರ್ ಅದನ್ನು ಟೇಬಲ್ಲಿನ ಮೇಲೆ ಅಡ್ಡ ಮಲಗಿಸಿದ, ಸುಮ್ನೆ ಇಡೋಕೆ ಅಂತ. ಒಂದು ಲೋಟದಷ್ಟು ನೀರು ಕತ್ತಿನಿಂದ, ಅಂದರೆ ಕೊಳವೆಯ ಹೊರಬಾಯಿಂದ, ಹರಿದು ಹೋಯಿತು.

ಚೆಲ್ಲದ ಡಬ್ಬಿ ಅಂದ ಕೂಡಲೇ ಎಲ್ಲರೂ ಪರೀಕ್ಷೆ ಮಾಡೋದು ತಲೆಕೆಳಗು ಮಾಡಿಯೇ. ಆದರೆ ಶೆಡ್ಡಿನಲ್ಲಿ ಡಬ್ಬಿ ತಲೆಕೆಳಗಾಗಿ ಬೀಳೋದು ಅಪರೂಪ. ಅದು ಮಗ್ಗುಲಿಗೆ ಬೀಳುತ್ತದೆ. ಈ ಆಕಾರದಲ್ಲಿ ಅತಿ ಕಷ್ಟದ ಸ್ಥಿತಿಯೂ ಅದೇ.

ಹುಡುಗ ಕಾಗದ ತೆಗೆದು ಲೆಕ್ಕ ಹಾಕಿದ. ಪೈಪಿನ ಒಳವ್ಯಾಸ ಸುಮಾರು 104 ಎಂಎಂ. 40 ಎಂಎಂ ಪೈಪಿನ ಒಳವ್ಯಾಸ ಸುಮಾರು 36. ಡಬ್ಬಿ ಅಡ್ಡ ಬಿದ್ದಾಗ ಕೊಳವೆ ನಟ್ಟ ನಡುವೆ ಇರುತ್ತದೆ. ಅದರ ಕೆಳ ಅಂಚು ಪೈಪಿನ ಗೋಡೆಯಿಂದ ಸುಮಾರು 34 ಎಂಎಂ ಎತ್ತರದಲ್ಲಿ ಬರುತ್ತದೆ. ನೀರು ಅದಕ್ಕಿಂತ ಕೆಳಗಿದ್ದರೆ ಹೊರಗೆ ಬರೋದಿಲ್ಲ. 15 ಸೆಂಟಿಮೀಟರ್ ಉದ್ದಕ್ಕೆ ಆ ಮಟ್ಟದವರೆಗೆ ಹಿಡಿಯುವುದು ಹತ್ತಿರ ಹತ್ತಿರ 350 ಮಿಲೀ. ಇಡೀ ಡಬ್ಬಿ ಹಿಡಿಯುವುದು ಒಂದೂಕಾಲು ಲೀಟರು. ಅಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ತುಂಬಬಹುದು. ಅಡ್ಡ ಮಲಗಿದ ಡಬ್ಬಿಯಲ್ಲಿ ಉಳಿದಿದ್ದ ನೀರನ್ನು ಅಳೆದರು. ಲೆಕ್ಕಕ್ಕೆ ಹೊಂದಿತು.

ಒಳಗಿನ ಕೊಳವೆ ಉದ್ದ ಇದ್ದರೂ ಗಿಡ್ಡ ಇದ್ದರೂ ಈ 350 ಬದಲಾಗೋದಿಲ್ಲ. ಅದನ್ನು ತೀರ್ಮಾನಿಸುವುದು ಕೊಳವೆಯ ದಪ್ಪ.

ಎರಡನೇ ತಿರುವು: ಉದ್ದದ ಕೊಳವೆ

"350ಕ್ಕಿಂತ ಜಾಸ್ತಿ ತುಂಬಬೇಡಿ" ಅಂತ ಬೋರ್ಡ್ ಬರೆದು ಹಾಕೋಣ ಅಂದರು ಮಾಲೀಕರು. ಕೆಲಸದ ನಡುವೆ ಅಳೆದು ಹಾಕುವವರು ಯಾರು? ಹುಡುಗನಿಗೆ ಹೊಳೆದ ಉಪಾಯ ನನ್ನ ಪ್ರಕಾರ ಈ ಪ್ರಕರಣದ ಅತಿ ಒಳ್ಳೆಯ ಭಾಗ. ಕೊಳವೆಯನ್ನು ಇನ್ನೂ ಕೆಳಕ್ಕೆ, ತಳದಿಂದ 35 ಎಂಎಂ ಮೇಲಕ್ಕೆ ಬರುವ ಹಾಗೆ ಇಳಿಸಿದ. ಕತ್ತಿನಿಂದ ಕೂಲೆಂಟ್ ಹಾಕುತ್ತಾ ಹೋದರೆ ಮಟ್ಟ ಕೊಳವೆಯ ಬಾಯಿ ಮುಟ್ಟುತ್ತದೆ. ಆಮೇಲೆ ಸುತ್ತಲಿನ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಹಾಗಾಗಿ ಡಬ್ಬಿಯ ಒಳಗಿನ ಮಟ್ಟ ಅಲ್ಲಿಗೇ ನಿಲ್ಲುತ್ತದೆ, ಮೇಲೆ ಹಾಕಿದ್ದು ಕೊಳವೆಯಲ್ಲೇ ಏರಿ ಕಣ್ಣಿಗೆ ಕಾಣುತ್ತದೆ. ಹಾಕುವವನು ತಾನಾಗೇ ಕೈ ನಿಲ್ಲಿಸುತ್ತಾನೆ. ಆ ಮಟ್ಟಕ್ಕೆ ಒಳಗಿರುವುದು 300 ಮಿಲೀಗೆ ಒಂಚೂರು ಕಮ್ಮಿ. ಅಡ್ಡ ಬಿದ್ದರೂ 350ರ ಒಳಗೇ.

ಕೊಳವೆ ಉದ್ದವಾದ್ದರಿಂದ ಬೋರಲು ಬಿದ್ದಾಗ ಸುತ್ತಲೂ ನಿಲ್ಲುವ ಜಾಗವೂ ಜಾಸ್ತಿಯಾಯಿತು. ಬ್ರಷ್ಷೂ ಆಚೆ ಈಚೆ ಹೋಗದೆ ನೇರವಾಗಿ ಕೂಲೆಂಟಿಗೇ ಇಳಿಯುತ್ತಿತ್ತು. ರಭಸದಿಂದ ಉರುಳಿದರೆ ಒಂದೆರಡು ಹನಿ ಹಾರುತ್ತವೆ, ಅದು ಇದ್ದದ್ದೇ. ನೆಲ ಜಾರುವಷ್ಟು ಬರೋದಿಲ್ಲ.

ಮೂರನೇ ತಿರುವು: ಗಾಳಿ ತೂತು

ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಡಬ್ಬಿ ಬಿತ್ತು, ಹಳೇ ಪೇಂಟ್ ಡಬ್ಬಿಗಿಂತ ಜೋರಾಗಿ ಚೆಲ್ಲಿತು. ಎತ್ತಿ ನೋಡಿದರೆ ಕೊಳವೆಯ ಮೇಲ್ತುದಿಯಲ್ಲಿ, ಪ್ಲಗ್ಗಿನ ಬಳೆಗೆ ಸ್ವಲ್ಪ ಕೆಳಗೆ, 3 ಎಂಎಂ ಡ್ರಿಲ್ಲಿನ ಒಂದು ಅಚ್ಚುಕಟ್ಟಾದ ತೂತು.

ಹೊಡೆದದ್ದು ಹೆಲ್ಪರ್. ಅವನಿಗೆ ಅದು ತಪ್ಪು ಅನ್ನಿಸಿರಲೇ ಇಲ್ಲ. ತುಂಬುವಾಗ ಗುಳುಗುಳು ಅಂತ ತಡೆಯುತ್ತದೆ, ಗಾಳಿ ಸಿಕ್ಕಿಕೊಂಡಿದೆ, ಒಂದು ತೂತು ಕೊಟ್ಟರೆ ಸರಾಗ. ಅಡುಗೆಮನೆಯಲ್ಲಿ ಎಣ್ಣೆ ಟಿನ್ನಿಗೆ ಎರಡು ತೂತು ಹೊಡೆಯೋದಿಲ್ವಾ, ಹಾಗೆ. ಅವನ ಯೋಚನೆಯಲ್ಲಿ ದೋಷವಿಲ್ಲ. ಆದರೆ ಸಿಕ್ಕಿಕೊಂಡ ಗಾಳಿಯೇ ಈ ಡಬ್ಬಿಯ ಅಳತೆಗೋಲು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ತೂತು ಬಿದ್ದ ಮೇಲೆ ಅರ್ಧ ಡಬ್ಬಿಗಿಂತ ಜಾಸ್ತಿ ತುಂಬಿತು. ಬಿದ್ದಾಗ ಕತ್ತಿನಿಂದಲೂ ಬಂತು, ತೂತಿನಿಂದಲೂ ಬಂತು.

ಇಲ್ಲಿ ಮಾಲೀಕರು ಮಾಡಿದ್ದು ನನಗೆ ಹಿಡಿಸಿತು. ಬಯ್ಯಲಿಲ್ಲ. "ಜಾಸ್ತಿ ತುಂಬಬೇಕು ಅಂತ ಯಾಕೆ ಅನ್ನಿಸ್ತು ಮರಿ?" ಅಂತ ಕೇಳಿದರು. ಕೂಲೆಂಟ್ ಡ್ರಮ್ಮು ಶೆಡ್ಡಿನ ಇನ್ನೊಂದು ತುದಿಯಲ್ಲಿತ್ತು. 300 ಮಿಲೀ ಖಾಲಿಯಾದಾಗಲೆಲ್ಲ ಅಲ್ಲಿಗೆ ನಡೆಯಬೇಕಿತ್ತು. ಪೀಸ್ ಲೆಕ್ಕದಲ್ಲಿ ಕೆಲಸ ನಡೆಯುವಾಗ ಅದು ಸಣ್ಣ ವಿಷಯ ಅಲ್ಲ. ಕೊಳವೆ ಬದಲಾಯಿಸಿದರು. ಅದರ ಜೊತೆಗೆ, ಕಲಸಿದ ಕೂಲೆಂಟ್ ತುಂಬಿದ ಮುಚ್ಚಳದ ಬಾಟಲಿಯೊಂದನ್ನು ಡ್ರಿಲ್ಲಿಂಗ್ ಮಷೀನಿನ ಕಂಬಕ್ಕೇ ಕಟ್ಟಿದರು. ಆಮೇಲೆ ಯಾರೂ ತೂತು ಹೊಡೆಯಲಿಲ್ಲ.

ನಾಲ್ಕನೇ ತಿರುವು: ಆಯುಧಪೂಜೆ ಕಳೆದ ಮೇಲೆ

ಕೊಳವೆ ಬದಲಾಯಿಸುವಾಗ ಒಂದು ಸಣ್ಣ ನಿರ್ಧಾರ ಆಯಿತು. ಮೇಲಿನ ಪ್ಲಗ್ ಇನ್ನು ಯಾರೂ ಬಿಚ್ಚದಿರಲಿ ಅಂತ ರಬ್ಬರ್ ರಿಂಗ್ ತೆಗೆದು, ಸಾಲ್ವೆಂಟ್ ಸಿಮೆಂಟ್ ಹಾಕಿ ಮುಚ್ಚಿಬಿಟ್ಟರು. ಸಾಕೆಟ್ಟಿನಲ್ಲಿ ಸಡಿಲ ಬಂದದ್ದಕ್ಕೆ ಎಂ-ಸೀಲ್ ತುಂಬಿದರು.

ಆಯುಧಪೂಜೆಗೆ ಮಷೀನುಗಳನ್ನೆಲ್ಲ ತೊಳೆದು, ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಬಾಗಿಲು ಹಾಕಿಕೊಂಡು ಊರಿಗೆ ಹೋದರು. ಬಂದು ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ನಾತ. ಇಲಿ ಸತ್ತಿದೆ ಅಂತ ಮೊದಲು ಹುಡುಕಿದರು. ಡಬ್ಬಿಯೊಳಗಿನ ಕೂಲೆಂಟ್ ಕೆಟ್ಟಿತ್ತು.

ಸೊಲ್ಯುಬಲ್ ಆಯಿಲ್ ಕಲಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅಲ್ಲಾಡದೆ ನಿಂತು ಗಾಳಿ ಕಮ್ಮಿಯಾದಾಗ ನಾತ ಹುಟ್ಟಿಸುವ ಜಾತಿಯವು ಜಾಸ್ತಿಯಾಗುತ್ತವೆ. ರಜೆ ಕಳೆದ ಸೋಮವಾರ ಬೆಳಗ್ಗೆ ಕೂಲೆಂಟ್ ಟ್ಯಾಂಕ್ ನಾರುವುದು ಮಷೀನ್ ಶಾಪಿನವರಿಗೆಲ್ಲ ಗೊತ್ತು. ಹಾಗಾದರೆ ಹಳೇ ಪೇಂಟ್ ಡಬ್ಬಿ ಯಾಕೆ ಯಾವತ್ತೂ ನಾರಲಿಲ್ಲ? ಅದು ಆಗಾಗ ಚೆಲ್ಲುತ್ತಿತ್ತು! ಪ್ರತಿ ಸಲ ಹೊಸದು ಬೀಳುತ್ತಿತ್ತು. ಚೆಲ್ಲುವುದು ನಿಂತ ಮೇಲೆ ಹಳೆಯದರ ಮೇಲೆ ಹೊಸದು ಸೇರುತ್ತಾ ಹೋಯಿತು. ತಳದಲ್ಲಿ ಚಿಪ್ಸ್ ಕೆಸರು ಕಟ್ಟಿತು. 40 ಎಂಎಂ ಕತ್ತಿನಿಂದ ಅದನ್ನು ತೊಳೆಯಲು ಆಗೋದಿಲ್ಲ. ಬಗ್ಗಿಸಿ ಸುರಿಯಲೂ ಆಗೋದಿಲ್ಲ, ಯಾಕೆಂದರೆ ಬಗ್ಗಿಸಿದರೆ ಚೆಲ್ಲಬಾರದು ಅಂತಲೇ ಅದನ್ನು ಕಟ್ಟಿದ್ದು.

ಆ ಡಬ್ಬಿಯನ್ನು ಕೊಯ್ದು ಎಸೆದರು. ಮುಂದಿನದರಲ್ಲಿ ಸಾಕೆಟ್ಟಿನ ರಬ್ಬರ್ ರಿಂಗ್ ಮತ್ತೆ ಬಂತು. ಶನಿವಾರ ಸಂಜೆ ಪ್ಲಗ್ ಎಳೆದು ತೆಗೆಯೋದು, ಕೂಲೆಂಟನ್ನು ವೇಸ್ಟ್ ಆಯಿಲ್ ಡ್ರಮ್ಮಿಗೆ ಸುರಿಯೋದು, ತೊಳೆದು ಒಣಗಿಸೋದು. ರಿಂಗ್ ಜಾರಲು ಸೋಪಿನ ನೀರು ಹಚ್ಚುತ್ತಾರೆ. ಗ್ರೀಸ್ ಹಚ್ಚಿದರೆ ಈ ರಬ್ಬರ್ ಊದಿಕೊಳ್ಳುತ್ತದೆ. ಕೂಲೆಂಟಿನಲ್ಲಿ ಇರುವ ಸ್ವಲ್ಪ ಎಣ್ಣೆಗೂ ನಿಧಾನವಾಗಿ ಊದುತ್ತದೆ. ದೊಡ್ಡಣ್ಣ ಸಾಕೆಟ್ಟನ್ನು ಮೇಲೆ ಇಟ್ಟಿದ್ದರಿಂದ ರಿಂಗು ಇನ್ನೂ ಬಾಳಿಕೆ ಬರುತ್ತಿದೆ.

ಅಸೆಂಬ್ಲಿ ಮೇಜಿನವರು ಬೇರಿಂಗ್ ತೊಳೆಯಲು ಸೀಮೆಎಣ್ಣೆಗೂ ಇಂಥದ್ದೇ ಕೇಳಿದರು. ಅದಕ್ಕೆ ರಿಂಗ್ ನಡೆಯೋದಿಲ್ಲ, ಸೀಮೆಎಣ್ಣೆಯಲ್ಲಿ ಬೇಗ ಊದುತ್ತದೆ. ಅಲ್ಲಿ ಮೇಲ್ಭಾಗವನ್ನು ಅಂಟಿಸಿಯೇ ಕೊಟ್ಟರು. ಸೀಮೆಎಣ್ಣೆ ಕೂಲೆಂಟಿನ ಹಾಗೆ ಕೆಟ್ಟು ನಾರೋದಿಲ್ಲ, ಪಿವಿಸಿಯನ್ನು ತಿನ್ನೋದೂ ಇಲ್ಲ.

ಕೈಬಿಟ್ಟ ದಾರಿ: ಥಿನ್ನರ್

ಡಬ್ಬಿಯ ಸುದ್ದಿ ಹಿಂದಿನ ಪೇಂಟ್ ಮೂಲೆಗೂ ಹೋಯಿತು. ಅಲ್ಲಿಯವರು ಯಾರನ್ನೂ ಕೇಳದೆ ಉಳಿದ ತುಂಡುಗಳಲ್ಲಿ ಒಂದನ್ನು ಕಟ್ಟಿ ಥಿನ್ನರ್ ತುಂಬಿದರು, ಬ್ರಷ್ ನೆನೆಹಾಕಲು. ಮಾರನೇ ದಿನ ಕೊಳವೆ ವಾಲಿತ್ತು. ಗೋಡೆಯನ್ನು ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿತ್ತು. ಥಿನ್ನರಿನಲ್ಲಿ ಟಾಲ್ವೀನ್, ಕೀಟೋನ್ ಜಾತಿಯ ದ್ರವಗಳು ಇರುತ್ತವೆ. ಪಿವಿಸಿಯನ್ನು ಕರಗಿಸಿ ಬೆಸೆಯುವ ಸಾಲ್ವೆಂಟ್ ಸಿಮೆಂಟಿನಲ್ಲಿ ಇರುವುದೂ ಹತ್ತಿರದ ನೆಂಟರೇ. ಕರಗಿದ್ದರಲ್ಲಿ ಆಶ್ಚರ್ಯವಿಲ್ಲ.

ದೊಡ್ಡಣ್ಣ, "ಜಿಐ ಫಿಟ್ಟಿಂಗಿನಲ್ಲಿ ಮಾಡಿಕೊಡ್ತೀನಿ ಸಾರ್, ನಿಪ್ಪಲ್ಲು, ಬುಷ್ಷು, ಕ್ಯಾಪು, ಟೆಫ್ಲಾನ್ ಟೇಪು" ಅಂದರು. ಕಟ್ಟಬಹುದಿತ್ತು. ಜಿಐ ಅಂದರೆ ಸತು ಲೇಪಿಸಿದ ಕಬ್ಬಿಣ, ಕರಗುತ್ತಲೂ ಇರಲಿಲ್ಲ. ಮಾಲೀಕರು ಬೇಡ ಅಂದರು. ಕೊಳವೆಯ ಬಾಯಿ ಸದಾ ತೆರೆದೇ ಇರುತ್ತದೆ. ಥಿನ್ನರ್ ಚೆಲ್ಲದಿದ್ದರೂ ಅದರ ಆವಿ ಬರುತ್ತಲೇ ಇರುತ್ತದೆ, ಆ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ, ಹತ್ತು ಹೆಜ್ಜೆ ಈಚೆಗೆ ಗ್ರೈಂಡರ್ ಕಿಡಿ. ಚೆಲ್ಲದ ಡಬ್ಬಿ ಅಂತ ಹೆಸರು ಬಂದರೆ ಜನ ಧೈರ್ಯವಾಗಿ ಎಲ್ಲೆಂದರಲ್ಲಿ ಇಡುತ್ತಾರೆ, ಅದು ಇನ್ನೂ ಕೆಟ್ಟದ್ದು ಅನ್ನೋದು ಅವರ ವಾದ. ಥಿನ್ನರಿಗೆ ಬಿಗಿ ಮುಚ್ಚಳದ ತಗಡಿನ ಡಬ್ಬಿಯೇ ಉಳಿಯಿತು. ಗ್ರೈಂಡರನ್ನು ಎದುರು ಗೋಡೆಗೆ ಸಾಗಿಸಿದರು.

ಈಗಿನ ಸ್ಥಿತಿ, ಮಾಡಿಕೊಳ್ಳುವವರಿಗೆ

ಡ್ರಿಲ್ಲಿಂಗ್ ಮಷೀನಿನ ಡಬ್ಬಿ ಈಗಲೂ ಬೀಳುತ್ತದೆ. ಎತ್ತಿ ಇಡುತ್ತಾರೆ, ಕೆಲಸ ಮುಂದುವರಿಯುತ್ತದೆ. ಮರದ ಹೊಟ್ಟಿನ ಚೀಲ ಅದೇ ಮೂಲೆಯಲ್ಲಿದೆ, ಲೇತ್‌ಗಳಿಗೆ ಬೇಕಲ್ಲ. ಡಬ್ಬಿಯ ಬೂದು ಗೋಡೆಯ ಮೇಲೆ ಅಲ್ಲಲ್ಲಿ ಸಣ್ಣ ಕಂದು ಚುಕ್ಕೆಗಳಿವೆ, ಬಿಸಿ ಚಿಪ್ಸ್ ಹಾರಿ ಕುಳಿತ ಗುರುತು. ಪಿವಿಸಿ ಬಿಸಿಗೆ ಮೆತ್ತಗಾಗುವ ವಸ್ತು. ಹಾಗಾಗಿ ಲೇತ್‌ನ ಟೂಲ್ ಪೋಸ್ಟ್ (ಕೊಯ್ಯುವ ಟೂಲ್ ಹಿಡಿಯುವ ಭಾಗ) ಹತ್ತಿರ, ಬಿಸಿಲು ಬೀಳುವ ಕಿಟಕಿ ಕಟ್ಟೆಯ ಮೇಲೆ ಇದನ್ನು ಇಡಬಾರದು. ಬಿಸಿಲಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಕೂಲೆಂಟನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುತ್ತದೆ. ಆ ಹೊತ್ತಿಗೆ ಡಬ್ಬಿ ಬಿದ್ದರೆ ಕೊಳವೆಯಲ್ಲಿ ಇದ್ದಷ್ಟೂ ಹೊರಗೆ.

ನೋಡಲು ಬಂದವರಲ್ಲಿ ಕೆಲವರು ದಪ್ಪ ಬ್ರಷ್ ಹೋಗಲಿ ಅಂತ ಕೊಳವೆ ದೊಡ್ಡದು ಮಾಡಿಕೊಳ್ಳಲು ನೋಡುತ್ತಾರೆ. ಅದರ ಬೆಲೆ ಎಷ್ಟು ಅಂತ ಹುಡುಗನೇ ಲೆಕ್ಕ ಮಾಡಿಟ್ಟಿದ್ದಾನೆ. ಇದೇ 15 ಸೆಂಟಿಮೀಟರಿನ ಡಬ್ಬಿಗೆ 25 ಎಂಎಂ ಪೈಪು ಹಾಕಿದರೆ ಅಡ್ಡ ಬಿದ್ದಾಗ ಸುಮಾರು 460 ಮಿಲೀ ನಿಲ್ಲುತ್ತದೆ, 40ಕ್ಕೆ 350, 50ಕ್ಕೆ 285. 50 ಹಾಕುವವರು ಕೊಳವೆಯ ಬಾಯಿಯನ್ನು ತಳದಿಂದ 28 ಎಂಎಂಗೆ ಇಳಿಸಬೇಕು, ಇಲ್ಲದಿದ್ದರೆ ತುಂಬುವಾಗ ತಾನಾಗೇ ನಿಲ್ಲುವ ಮಟ್ಟವೇ ಅಪಾಯದ ಮಟ್ಟ ಆಗುತ್ತದೆ. ಯಾವ ಅಳತೆಗೇ ಆಗಲಿ, ಎಣ್ಣೆ ಹಾಕುವ ಮೊದಲು ನೀರು ತುಂಬಿ ನೆಲದ ಮೇಲೆ ಅಡ್ಡ ಮಲಗಿಸಿ, ಹಾಗೇ ಒಂದು ಸುತ್ತು ಉರುಳಿಸಿ ನೋಡಬೇಕು. ತೂತು ನಟ್ಟ ನಡುವೆ ಬೀಳದೆ ಕೊಳವೆ ಒಂದು ಕಡೆಗೆ ಸರಿದಿದ್ದರೆ ಆ ಕಡೆ ಕೆಳಗಾದಾಗ ಮಾತ್ರ ಸೋರುತ್ತದೆ.